ದ್ವೀಪದ ಹೆಸರು, ದೂರದೇಶದ ಅಚ್ಚು: ಪೆಸಿಫಿಕ್ ನಾಣ್ಯಗಳ ಗುರುತು ಮತ್ತು ಬೆಲೆ

ಪೆಸಿಫಿಕ್ ಮಹಾಸಾಗರದ ದ್ವೀಪಗಳ ಹೆಸರು ಹೊತ್ತ ನಾಣ್ಯಗಳಲ್ಲಿ ಆಯಾ ದ್ವೀಪದ ನೆಲದ ಮೇಲೆಯೇ ಅಚ್ಚಾದವು ಇಲ್ಲವೆನ್ನುವಷ್ಟು ಕಡಿಮೆ. ಜರ್ಮನ್ ನ್ಯೂಗಿನಿಯ ಬೆಳ್ಳಿಯ ಮಾರ್ಕ್ ಬರ್ಲಿನ್ನಿನಲ್ಲಿ, ಹವಾಯಿ ಅರಸರ ಡಾಲರ್ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ, ನ್ಯೂ ಕ್ಯಾಲೆಡೋನಿಯಾದ ಫ್ರಾಂಕ್ ಪ್ಯಾರಿಸ್ಸಿನಲ್ಲಿ ಟಂಕಿಸಲ್ಪಟ್ಟವು. ಟುವಾಲು ದೇಶದ ಹೆಸರಿನಲ್ಲಿ ಇಂದು ಮಾರಾಟವಾಗುವ ಬೆಳ್ಳಿಯ ಬಿಲ್ಲೆಗಳು ಆಸ್ಟ್ರೇಲಿಯಾದ ಪರ್ತ್ ನಗರದಿಂದ ಬರುತ್ತವೆ. ಆದ್ದರಿಂದ ಇಂಥ ನಾಣ್ಯವೊಂದನ್ನು ಗುರುತಿಸುವುದೆಂದರೆ ಅದರ ಮೇಲಿನ ಹೆಸರನ್ನು ಓದಿ ಮುಗಿಸುವುದಲ್ಲ. ಅದನ್ನು ಯಾರು ಹೊಡೆದರು, ಯಾವ ಜನರ ಕೈಯಲ್ಲಿ ಅದು ಓಡಾಡಬೇಕಿತ್ತು, ನಿಜವಾಗಿ ಓಡಾಡಿತೇ ಎಂಬುದನ್ನು ಲೋಹ, ತೂಕ, ಅಂಚು, ಸವೆತಗಳಿಂದಲೇ ತಿಳಿಯುವುದು. ನಾಣ್ಯದ ಬೆಲೆಯೂ ಬಹುಮಟ್ಟಿಗೆ ಇವೇ ಪ್ರಶ್ನೆಗಳ ಉತ್ತರವನ್ನು ಅವಲಂಬಿಸಿದೆ.

ಮೊದಲು ನೋಡಬೇಕಾದದ್ದು ಅಕ್ಷರ. ದ್ವೀಪಗಳ ಒಡೆತನ ಕೈಬದಲಾದಂತೆಲ್ಲ ನಾಣ್ಯದ ಭಾಷೆಯೂ ಬದಲಾಗಿದೆಯಾದ್ದರಿಂದ, ಬರಹದ ಭಾಷೆಯೇ ಕಾಲವನ್ನು ಅರ್ಧಭಾಗ ಹೇಳಿಬಿಡುತ್ತದೆ. ಬ್ರಿಟನ್ ಮತ್ತು ಫ್ರಾನ್ಸ್ ಜಂಟಿಯಾಗಿ ಆಳುತ್ತಿದ್ದ ನ್ಯೂ ಹೆಬ್ರಿಡೀಸ್ ದ್ವೀಪಗಳಿಗೆ 1966ರಿಂದ ಬಂದ ಫ್ರಾಂಕ್ ನಾಣ್ಯಗಳ ಮೇಲೆ ‘ನುವೆಲ್ ಎಬ್ರೀದ್’ ಎಂಬ ಫ್ರೆಂಚ್ ಹೆಸರಿದೆ. 1980ರಲ್ಲಿ ಅದೇ ದ್ವೀಪಗಳು ವನುವಾಟು ಎಂಬ ಗಣರಾಜ್ಯವಾದ ಮೇಲೆ, 1983ರ ನಾಣ್ಯಗಳಲ್ಲಿ ‘ರಿಪಬ್ಲಿಕ್ ಬ್ಲಾಂಗ್ ವನುವಾಟು’ ಎಂದು ಬಿಸ್ಲಾಮಾ ಭಾಷೆಯ ಬರಹ ಬಂತು. ಬಿಸ್ಲಾಮಾ ಎಂಬುದು ಇಂಗ್ಲಿಷ್ ಪದಗಳು ಸ್ಥಳೀಯ ವ್ಯಾಕರಣದೊಡನೆ ಬೆರೆತು ಹುಟ್ಟಿದ ನುಡಿ. ಹಾಗೆಯೇ ‘ಸಮೋವಾ ಇ ಸಿಸಿಫೋ’ ಎಂದಿದ್ದರೆ ಅದು ಪಶ್ಚಿಮ ಸಮೋವಾ, ಅಂದರೆ ಆ ದೇಶ 1997ರಲ್ಲಿ ‘ಪಶ್ಚಿಮ’ವನ್ನು ಕೈಬಿಟ್ಟು ಬರೀ ಸಮೋವಾ ಎಂದು ಹೆಸರಿಟ್ಟುಕೊಳ್ಳುವುದಕ್ಕೆ ಹಿಂದಿನ ನಾಣ್ಯ ಎಂದು ತಿಳಿಯಬೇಕು.

ಹಣದ ಏಕಮಾನದ ಹೆಸರೂ ಒಳ್ಳೆಯ ಸುಳಿವು. ಸಮೋವಾದ ‘ತಾಲಾ’ ಮತ್ತು ‘ಸೇನೆ’ ಎಂಬವು ಡಾಲರ್ ಮತ್ತು ಸೆಂಟ್ ಎಂಬ ಪದಗಳೇ, ಸಮೋವನ್ ನಾಲಿಗೆಯ ಮೇಲೆ ಹೊರಳಿ ಆದ ರೂಪಗಳು. ಟೋಂಗಾದ ‘ಸೆನಿಟಿ’ಯೂ ಅಂಥದೇ, ಆದರೆ ನೂರು ಸೆನಿಟಿಗೆ ಸಮನಾದ ‘ಪಾಆಂಗ’ ಎಂಬುದು ಅಗಲವಾದ ಚಪ್ಪಟೆ ಬೀಜ ಬಿಡುವ ಒಂದು ಬಳ್ಳಿಯ ಹೆಸರು, ಆ ಬಳಗದ ಬಳ್ಳಿಗಳು ಪಶ್ಚಿಮ ಘಟ್ಟದ ಕಾಡುಗಳಲ್ಲೂ ಉಂಟು. ವನುವಾಟುವಿನ ‘ವಾತು’ ಎಂದರೆ ಕಲ್ಲು. ಪಾಪುವಾ ನ್ಯೂಗಿನಿ 1975ರ ಏಪ್ರಿಲ್‌ನಲ್ಲಿ ಆಸ್ಟ್ರೇಲಿಯಾದ ಡಾಲರನ್ನು ಬಿಟ್ಟು ತನ್ನದೇ ಹಣವನ್ನು ತಂದಾಗ ಅದಕ್ಕೆ ‘ಕೀನಾ’ ಎಂದು ಹೆಸರಿಟ್ಟಿತು. ಒಳನಾಡಿನ ಬೆಟ್ಟಸೀಮೆಯ ಜನ ಎದೆಯ ಮೇಲೆ ತೊಡುತ್ತಿದ್ದ, ವಧುದಕ್ಷಿಣೆಗೂ ವ್ಯಾಪಾರಕ್ಕೂ ಸಲ್ಲುತ್ತಿದ್ದ, ಅರ್ಧಚಂದ್ರಾಕಾರದ ಮುತ್ತಿನ ಚಿಪ್ಪಿನ ಹೆಸರದು. ಅದರ ನೂರನೆಯ ಒಂದು ಭಾಗವಾದ ‘ತೋಯಾ’ ಕೂಡ ತೋಳಿಗೆ ತೊಡುವ ಚಿಪ್ಪಿನ ಬಳೆಯ ಹೆಸರು. ಲೋಹದ ಹಣ ಬಂದರೂ ಚಿಪ್ಪು ಹೆಸರಿನಲ್ಲಿ ಉಳಿದುಕೊಂಡಿತು. ಒಂದು ಕೀನಾ ನಾಣ್ಯದ ನಟ್ಟನಡುವೆ ಒಂದು ತೂತನ್ನೂ ಬಿಡಲಾಯಿತು.

ಚಿತ್ರಗಳ ವಿಷಯದಲ್ಲಿ ಈ ನಾಣ್ಯಗಳಷ್ಟು ಉದಾರವಾದವು ಬೇರೆಡೆ ಸಿಗುವುದು ಕಷ್ಟ. 1969ರಲ್ಲಿ ಫಿಜಿ ದೇಶ ಪೌಂಡು-ಶಿಲ್ಲಿಂಗು ಬಿಟ್ಟು ದಶಮಾಂಶ ಪದ್ಧತಿಗೆ ಬಂದಾಗ ಒಂದು ಸೆಂಟಿನ ಮೇಲೆ ಕಾವಾ ಪಾನೀಯವನ್ನು ಕಲಸುವ ಕಾಲುಳ್ಳ ಮರದ ಬೋಗುಣಿಯನ್ನು, ಎರಡು ಸೆಂಟಿನ ಮೇಲೆ ಗರಿಯ ಬೀಸಣಿಗೆಯನ್ನು, ಐದರ ಮೇಲೆ ಲಾಲಿ ಎಂಬ ಮರದ ನಗಾರಿಯನ್ನು, ಹತ್ತರ ಮೇಲೆ ಎಸೆಯುವ ಗದೆಯನ್ನು ಇಟ್ಟಿತು. ಇಪ್ಪತ್ತು ಸೆಂಟಿನ ಮೇಲೆ, ಹೆಣೆದ ನಾರಿನ ಹುರಿಗೆ ಕಟ್ಟಿದ ತಿಮಿಂಗಿಲದ ಹಲ್ಲು ಇದೆ. ‘ತಬುವಾ’ ಎನ್ನುವ ಈ ಹಲ್ಲು ಫಿಜಿ ಸಮಾಜದಲ್ಲಿ ಹೆಣ್ಣು ಕೇಳುವಾಗ, ತಪ್ಪೊಪ್ಪಿಕೊಳ್ಳುವಾಗ, ದೊಡ್ಡವರನ್ನು ಎದುರುಗೊಳ್ಳುವಾಗ ಒಪ್ಪಿಸುವ ಅತಿ ಗೌರವದ ಕಾಣಿಕೆ. ಸಾಲೊಮನ್ ದ್ವೀಪಗಳು 1977ರಲ್ಲಿ ಹೊರಡಿಸಿದ ಏಳು ಮೂಲೆಯ ಡಾಲರಿನ ಮೇಲೆ ಇರುವುದು ‘ನ್ಗುಝುನ್ಗುಝು’, ಅಂದರೆ ಯುದ್ಧದ ದೋಣಿಯ ಮೂತಿಗೆ ನೀರಿನ ಮಟ್ಟದಲ್ಲಿ ಕಟ್ಟುತ್ತಿದ್ದ ರಕ್ಷಕ ಬೊಂಬೆಯ ತಲೆ. ಬರಹ ಸವೆದು ಓದಲಾರದ ನಾಣ್ಯದಲ್ಲೂ ಇಂಥ ಚಿತ್ರವೊಂದು ಅರೆಬರೆ ಉಳಿದಿದ್ದರೆ ಸಾಕು, ಊರು ಗೊತ್ತಾಗುತ್ತದೆ.

ಅದೇ ನಾಣ್ಯದ ಮುಂಬದಿ ಮಾತ್ರ ಹೊಸಬರನ್ನು ದಾರಿ ತಪ್ಪಿಸುತ್ತದೆ. ಫಿಜಿ, ಸಾಲೊಮನ್, ಟುವಾಲು, ಕುಕ್ ದ್ವೀಪ, ನಿಯೂವೆ ಎಲ್ಲದರ ಮೇಲೂ ದಶಕಗಳ ಕಾಲ ಎರಡನೆಯ ಎಲಿಜಬೆತ್ ರಾಣಿಯ ಮುಖವೇ ಇದ್ದುದರಿಂದ ಆ ಮುಖ ದೇಶವನ್ನು ಹೇಳದು. ಆದರೆ ಕಾಲವನ್ನು ಹೇಳುತ್ತದೆ. 1960ರ ದಶಕದಿಂದ ಆರ್ನಲ್ಡ್ ಮೇಚಿನ್ ಬಿಡಿಸಿದ ತರುಣಿಯ ಮುಖ, 1985ರಿಂದ ರಾಫೆಲ್ ಮಕ್ಲೂಫ್ ಬಿಡಿಸಿದ ಕಿರೀಟಧಾರಿಣಿಯ ಮುಖ, 1998ರಿಂದ ಇಯಾನ್ ರ್‍ಯಾಂಕ್-ಬ್ರಾಡ್ಲಿಯ ವಯಸ್ಸಾದ ಮುಖ ಹೀಗೆ ಒಂದರ ಹಿಂದೊಂದು ಬಂದವು. ಆದರೆ ದೂರದ ದ್ವೀಪಗಳಲ್ಲಿ ಹಳೆಯ ಅಚ್ಚು ಇನ್ನೂ ಕೆಲವು ವರ್ಷ ಮುಂದುವರಿದದ್ದೂ ಉಂಟು. ಫಿಜಿಯದಂತೂ ವಿಚಿತ್ರ: 1987ರಲ್ಲೇ ಗಣರಾಜ್ಯವೆಂದು ಸಾರಿಕೊಂಡ ಈ ದೇಶ ರಾಣಿಯ ಮುಖವನ್ನು ತೆಗೆದು ಹೂವು, ಹಕ್ಕಿ, ಮೀನುಗಳನ್ನು ತಂದದ್ದು ಕಾಲು ಶತಮಾನ ಕಳೆದ ಮೇಲೆ.

ಯಾವ ಉಪಕರಣವೂ ಬೇಡದ ಒಂದು ಪರೀಕ್ಷೆಯಿದೆ. ನಾಣ್ಯವನ್ನು ಮುಂಬದಿ ನೆಟ್ಟಗೆ ಕಾಣುವಂತೆ ಹೆಬ್ಬೆರಳು ತೋರುಬೆರಳುಗಳ ನಡುವೆ ಮೇಲಿನ ಮತ್ತು ಕೆಳಗಿನ ಅಂಚಿನಲ್ಲಿ ಹಿಡಿದು, ಬಾಗಿಲು ತಿರುಗಿದಂತೆ ಪಕ್ಕಕ್ಕೆ ತಿರುಗಿಸಿದಾಗ ಹಿಂಬದಿಯ ಚಿತ್ರವೂ ನೆಟ್ಟಗಿದ್ದರೆ ಅದು ಬ್ರಿಟಿಷ್ ಪದ್ಧತಿಯ ಜೋಡಣೆ, ತಲೆಕೆಳಗಾಗಿದ್ದರೆ ಫ್ರೆಂಚ್ ಪದ್ಧತಿಯದು. ನ್ಯೂ ಕ್ಯಾಲೆಡೋನಿಯಾ, ಫ್ರೆಂಚ್ ಪಾಲಿನೇಷ್ಯಾ, ನ್ಯೂ ಹೆಬ್ರಿಡೀಸ್‌ಗಳ ನಾಣ್ಯ ಹೀಗೆ ತಲೆಕೆಳಗಾಗುತ್ತದೆ. ಇವುಗಳ ಹಳೆಯ ಹತ್ತು, ಇಪ್ಪತ್ತು, ಐವತ್ತು ಫ್ರಾಂಕಿನ ನಾಣ್ಯಗಳಿಗೆ ಇನ್ನೊಂದು ಗುಣವಿದೆ: ಅವು ಶುದ್ಧ ನಿಕಲ್ ಆದ್ದರಿಂದ ಅಯಸ್ಕಾಂತಕ್ಕೆ ಅಂಟುತ್ತವೆ. ಅಯಸ್ಕಾಂತಕ್ಕೆ ಅಂಟಿದ್ದೆಲ್ಲ ಉಕ್ಕಿನ ಅಗ್ಗದ ನಾಣ್ಯ ಎಂದು ತೀರ್ಮಾನಿಸುವವರು ಇಲ್ಲಿ ಎಡವುತ್ತಾರೆ. ನ್ಯೂ ಕ್ಯಾಲೆಡೋನಿಯಾ ನಿಕಲ್ ಅದಿರಿಗೇ ಹೆಸರಾದ ದ್ವೀಪ ಎಂಬುದನ್ನು ನೆನಪಿಟ್ಟರೆ ಎಡವಬೇಕಾಗಿಲ್ಲ. ಈ ಫ್ರೆಂಚ್ ದ್ವೀಪಗಳಿಗೆಲ್ಲ ಸೇರಿ ಒಂದೇ ಬಗೆಯ ಹೊಸ ನಾಣ್ಯಗಳು 2021ರಲ್ಲಿ ಬಂದವು.

ತೂತು ಕಾಸು ಕನ್ನಡ ಓದುಗರಿಗೆ ಹೊಸದಲ್ಲ. ಎರಡನೆಯ ಮಹಾಯುದ್ಧದ ಕಾಲದಲ್ಲಿ, 1943ರಿಂದ, ಭಾರತದಲ್ಲೂ ನಡುವೆ ತೂತಿದ್ದ ಒಂದು ಪೈಸೆಯ ನಾಣ್ಯ ಚಲಾವಣೆಯಲ್ಲಿತ್ತು, ಅಜ್ಜಿಯರ ಗಂಟುಗಳಲ್ಲಿ ಇಂದಿಗೂ ಅದು ಸಿಗುತ್ತದೆ. ಪೆಸಿಫಿಕ್ಕಿನಲ್ಲಿ ಈ ತೂತು ಅದಕ್ಕೂ ಮುಂಚಿನದು: ಫಿಜಿಯ ಪೆನ್ನಿ ಮತ್ತು ಅರೆಪೆನ್ನಿಗಳು 1934ರಿಂದ, ಆಸ್ಟ್ರೇಲಿಯಾದ ಆಡಳಿತಕ್ಕೆ ಬಂದಿದ್ದ ನ್ಯೂಗಿನಿಯ ಬೆಳ್ಳಿಯ ಶಿಲ್ಲಿಂಗ್ 1935ರಿಂದ ತೂತಿನೊಡನೆಯೇ ಬಂದವು. ಜೇಬಿಲ್ಲದ ಉಡುಗೆಯ ಜನ ದಾರಕ್ಕೆ ಪೋಣಿಸಿಕೊಳ್ಳಲು ಅದರಿಂದ ಅನುಕೂಲವಾಗುತ್ತಿತ್ತು.

ಈ ತೂತು ಇಂಗ್ಲೆಂಡಿನ ಅರಮನೆಯ ಕಥೆಯೊಂದಕ್ಕೂ ಸಾಕ್ಷಿಯಾಯಿತು. 1936ರ ಜನವರಿಯಲ್ಲಿ ಪಟ್ಟಕ್ಕೆ ಬಂದ ಎಂಟನೆಯ ಎಡ್ವರ್ಡ್ ಅದೇ ವರ್ಷ ಡಿಸೆಂಬರಿನಲ್ಲಿ ಪಟ್ಟ ಬಿಟ್ಟುಕೊಟ್ಟದ್ದರಿಂದ, ಆತನ ಮುಖವಿರುವ ನಾಣ್ಯಗಳು ಬ್ರಿಟನ್ನಿನಲ್ಲಿ ಚಲಾವಣೆಗೆ ಬರಲೇ ಇಲ್ಲ. ಮುಖವನ್ನು ಬಿಡಿಸಿ, ಒಪ್ಪಿಗೆ ಪಡೆದು, ಅಚ್ಚು ಕೊರೆಯುವಷ್ಟರಲ್ಲಿ ಆತ ಅರಸನಾಗಿ ಉಳಿದಿರಲಿಲ್ಲ. ತೂತಿನ ನಾಣ್ಯಕ್ಕೆ ಆ ತೊಡಕಿಲ್ಲ. ನಡುವೆ ತೂತಿರುವಾಗ ಅರಸನ ತಲೆಗೆ ಜಾಗವೆಲ್ಲಿ? ಸುತ್ತ ಹೆಸರನ್ನು ಬದಲಿಸಿದರೆ ಮುಗಿಯಿತು. ಹೀಗಾಗಿ ಬ್ರಿಟಿಷ್ ಪೂರ್ವ ಮತ್ತು ಪಶ್ಚಿಮ ಆಫ್ರಿಕಾಗಳ ತೂತು ಕಾಸುಗಳ ಜತೆಗೆ ಫಿಜಿ ಮತ್ತು ನ್ಯೂಗಿನಿಗಳಲ್ಲಿ 1936ರ ಇಸವಿಯ, ಎಡ್ವರ್ಡನ ಹೆಸರಿನ ಪೆನ್ನಿ ನಿಜವಾಗಿ ಜನರ ಕೈಗೆ ಬಂತು. ಫಿಜಿಯಲ್ಲಿ ಅದೇ ಇಸವಿಯ ಪೆನ್ನಿ ಹಿಂದಿನ ಅರಸ ಐದನೆಯ ಜಾರ್ಜನ ಹೆಸರಿನಲ್ಲೂ ಇದೆಯಾದ್ದರಿಂದ ಇಸವಿಯೊಂದನ್ನೇ ನೋಡಿ ನಂಬಬಾರದು, ಹೆಸರನ್ನು ಓದಬೇಕು. ಇಷ್ಟು ಕಥೆಯಿದ್ದೂ ಈ ಪೆನ್ನಿಗಳು ದುಬಾರಿಯಲ್ಲ: ಸಾಕಷ್ಟು ಸಂಖ್ಯೆಯಲ್ಲಿ ಹೊಡೆಯಲಾಗಿತ್ತು, ಕಥೆ ಗೊತ್ತಿದ್ದ ಸಂಗ್ರಾಹಕರು ಆಗಲೇ ಎತ್ತಿಟ್ಟುಕೊಂಡಿದ್ದರು. ಇಸವಿಯ ಹಳಮೆ, ಚರಿತ್ರೆಯ ಸ್ವಾರಸ್ಯ, ಪೇಟೆಯ ಬೆಲೆ, ಈ ಮೂರೂ ಒಟ್ಟಿಗೆ ನಡೆಯುತ್ತವೆಂದು ಭಾವಿಸುವವರು ಮೊದಲು ಈ ಪೆನ್ನಿಯನ್ನು ಕೊಂಡು ನೋಡುವುದು ಒಳ್ಳೆಯದು.

ಟಂಕಸಾಲೆಯ ಗುರುತು ಎಂಬ ಒಂದು ಸಣ್ಣ ಅಕ್ಷರ ಬೆಲೆಯನ್ನು ಹೇಗೆ ಬದಲಿಸುತ್ತದೆ ಎಂಬುದಕ್ಕೂ ಫಿಜಿಯೇ ಉದಾಹರಣೆ. ಯುದ್ಧದಿಂದಾಗಿ ಲಂಡನ್ನಿನಿಂದ ನಾಣ್ಯ ತರಿಸುವುದು ಕಷ್ಟವಾದಾಗ, 1942 ಮತ್ತು 1943ರ ಫಿಜಿ ನಾಣ್ಯಗಳನ್ನು ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಹೊಡೆಸಲಾಯಿತು. ಅವುಗಳ ಮೇಲೆ ‘ಎಸ್’ ಎಂಬ ಅಕ್ಷರವಿದೆ. ಲಂಡನ್ನಿನ ಬೆಳ್ಳಿ ನಾಣ್ಯದಲ್ಲಿ ನೂರಕ್ಕೆ ಐವತ್ತು ಭಾಗ ಬೆಳ್ಳಿಯಾದರೆ ಸ್ಯಾನ್ ಫ್ರಾನ್ಸಿಸ್ಕೋದ್ದರಲ್ಲಿ ತೊಂಬತ್ತು ಭಾಗ. 11.31 ಗ್ರಾಂ ತೂಗುವ ಫ್ಲೋರಿನ್, ಅಂದರೆ ಎರಡು ಶಿಲ್ಲಿಂಗಿನ ನಾಣ್ಯ, ಒಂದರಲ್ಲಿ ಸುಮಾರು 5.7 ಗ್ರಾಂ ಬೆಳ್ಳಿ ಹೊತ್ತಿದ್ದರೆ ಇನ್ನೊಂದರಲ್ಲಿ 10 ಗ್ರಾಮಿಗೂ ಮಿಕ್ಕಿ ಇರುತ್ತದೆ. ಭೂತಗನ್ನಡಿ ಇಲ್ಲದೆ ಕೊಂಡವರಿಗೂ ಮಾರಿದವರಿಗೂ ಈ ವ್ಯತ್ಯಾಸ ತಪ್ಪಿಹೋಗುತ್ತದೆ. ಅದೇ ವರ್ಷಗಳ ಪೆನ್ನಿ ತಾಮ್ರ-ನಿಕಲ್ಲಿಗೆ ಬದಲು ಹಿತ್ತಾಳೆಯದಾದ್ದರಿಂದ ಹಳದಿಯಾಗಿ ಕಾಣುತ್ತದೆ. ಇದೇ ಯುದ್ಧಕಾಲದಲ್ಲಿ ಆಸ್ಟ್ರೇಲಿಯಾದ 1942 ಮತ್ತು 1943ರ ಕೆಲವು ಪೆನ್ನಿಗಳು ಮುಂಬಯಿಯ ಟಂಕಸಾಲೆಯಲ್ಲಿ ಅಚ್ಚಾದವು, ಅವುಗಳ ಗುರುತು ‘ಐ’ ಅಕ್ಷರ. ಆಸ್ಟ್ರೇಲಿಯಾದ ಹಣವೇ ನಡೆಯುತ್ತಿದ್ದ ದ್ವೀಪಗಳ ನಾಣ್ಯವನ್ನು ಸಂಗ್ರಹಿಸುವವರಿಗೆ ಇದೂ ಗೊತ್ತಿರಬೇಕಾದ ಗುರುತು.

ಬೆಲೆ ಕಟ್ಟುವಾಗ ಚಿನಿವಾರನ ಲೆಕ್ಕ ಮೊದಲು ಬರುತ್ತದೆ. ಒಟ್ಟು ತೂಕವನ್ನು ಲೋಹದ ಶುದ್ಧತೆಯಿಂದ ಗುಣಿಸಿ, ಅದನ್ನು ಅಂದಿನ ಬೆಳ್ಳಿಯ ಧಾರಣೆಯಿಂದ ಮತ್ತೆ ಗುಣಿಸಿದರೆ ಬರುವ ಮೊತ್ತ ನಾಣ್ಯದ ನೆಲಬೆಲೆ. ಅದಕ್ಕಿಂತ ಕೆಳಗೆ ಯಾರೂ ಕೊಡಬೇಕಾಗಿಲ್ಲ. 5.38 ಗ್ರಾಂ ತೂಗುವ, ನೂರಕ್ಕೆ 92.5 ಭಾಗ ಬೆಳ್ಳಿಯಿರುವ ನ್ಯೂಗಿನಿಯ ಶಿಲ್ಲಿಂಗ್ ಲಕ್ಷಗಟ್ಟಲೆ ಅಚ್ಚಾದದ್ದರಿಂದ ಸಾಧಾರಣ ಸ್ಥಿತಿಯದಾದರೆ ಈ ನೆಲಬೆಲೆಯಿಂದ ಬಹಳ ದೂರ ಹೋಗುವುದಿಲ್ಲ. ಅದೇ ನೆಲದ ಜರ್ಮನ್ ನಾಣ್ಯದ ಮಾತು ಬೇರೆ. ನ್ಯೂಗಿನಿ ಕಂಪನಿಯ ಹೆಸರಿನಲ್ಲಿ 1894ರಲ್ಲಿ ಅಚ್ಚಾದ ಐದು ಮಾರ್ಕಿನ ಮೇಲೆ, ಉದ್ದನೆಯ ಗರಿಗಳನ್ನು ಇಳಿಬಿಟ್ಟು ಕೊಂಬೆಯ ಮೇಲೆ ಕುಳಿತ ಸ್ವರ್ಗಪಕ್ಷಿಯೊಂದು ಇದೆ. ವಸಾಹತುಗಳ ನಾಣ್ಯಗಳಲ್ಲೇ ಅತಿ ಸುಂದರವಾದದ್ದು ಇದೆಂದರೆ ವಾದಿಸುವವರು ಹೆಚ್ಚಿರಲಾರರು. ಹೊಡೆದದ್ದು 19,000 ಮಾತ್ರ. ಬೆಳ್ಳಿಯ ಲೆಕ್ಕ 25 ಗ್ರಾಮಾದರೂ ಪೇಟೆಯಲ್ಲಿ ಅದರ ಬೆಲೆ ಬೆಳ್ಳಿಯ ಹತ್ತಾರು ಪಟ್ಟು.

ಅಷ್ಟು ಬೆಲೆಯಿರುವ ಕಡೆ ನಕಲಿಯೂ ಇರುತ್ತದೆ, ಈ ಹಕ್ಕಿಯ ನಕಲುಗಳಂತೂ ಧಾರಾಳ. ಇದನ್ನು ಮನೆಯಲ್ಲೇ ಪರೀಕ್ಷಿಸಲು ಒಡವೆ ತೂಗುವ ಸಣ್ಣ ಎಲೆಕ್ಟ್ರಾನಿಕ್ ತಕ್ಕಡಿ, ಒಂದು ಲೋಟ ನೀರು, ಒಂದೆಳೆ ದಾರ ಸಾಕು. ಒಣಗಿದ ನಾಣ್ಯ 27.78 ಗ್ರಾಮಿನ ಆಸುಪಾಸಿನಲ್ಲಿ ತೂಗಬೇಕು. ಬಳಿಕ ನೀರಿನ ಲೋಟವನ್ನು ತಕ್ಕಡಿಯ ಮೇಲಿಟ್ಟು, ತೂಕವನ್ನು ಸೊನ್ನೆಗೆ ತಂದು, ನಾಣ್ಯವನ್ನು ದಾರದಲ್ಲಿ ಕಟ್ಟಿ ತಳಕ್ಕೂ ಗೋಡೆಗೂ ತಾಗದಂತೆ ಮುಳುಗಿಸಿ ಹಿಡಿದರೆ, ತಕ್ಕಡಿ ತೋರಿಸುವುದು ನಾಣ್ಯ ಸ್ಥಳಾಂತರಿಸಿದ ನೀರಿನ ತೂಕ. ತೊಂಬತ್ತು ಭಾಗದ ಬೆಳ್ಳಿ ನೀರಿಗಿಂತ ಸುಮಾರು 10.3 ಪಟ್ಟು ಸಾಂದ್ರವಾದ್ದರಿಂದ ಅಸಲಿ ನಾಣ್ಯಕ್ಕೆ ಅಲ್ಲಿ 2.7 ಗ್ರಾಂ ಬರುತ್ತದೆ. ಬೆಳ್ಳಿಯ ಲೇಪ ಕೊಟ್ಟ ತಾಮ್ರ ಅಥವಾ ಹಿತ್ತಾಳೆಯ ಬಿಲ್ಲೆ ಅದೇ ತೂಕದ್ದಾದರೆ 3.1ಕ್ಕೆ ಮೇಲೇರುತ್ತದೆ. ಬೆಳ್ಳಿಯಲ್ಲೇ ಮಾಡಿದ ನಕಲನ್ನು ಈ ಪರೀಕ್ಷೆ ಹಿಡಿಯಲಾರದು. ಅದಕ್ಕೆ ಅಚ್ಚಿನ ಸೂಕ್ಷ್ಮ ಬಲ್ಲವರ ಕಣ್ಣೇ ಬೇಕು, ಇಲ್ಲವೆ ಹಣ ಪಡೆದು ನಾಣ್ಯವನ್ನು ಪರೀಕ್ಷಿಸಿ ಮೊಹರು ಮಾಡಿದ ಡಬ್ಬಿಯಲ್ಲಿಟ್ಟು ಕೊಡುವ ಎನ್.ಜಿ.ಸಿ., ಪಿ.ಸಿ.ಜಿ.ಎಸ್.ನಂಥ ಸಂಸ್ಥೆಗಳಿಗೆ ಕಳಿಸಬೇಕು. ಅವು 1ರಿಂದ 70ರವರೆಗಿನ ಅಂಕದಲ್ಲಿ ನಾಣ್ಯದ ದರ್ಜೆಯನ್ನು ಹೇಳುತ್ತವೆ. 60ರಿಂದ ಮೇಲಿನದೆಂದರೆ ಚಲಾವಣೆಯ ಸವೆತ ತಾಗದ್ದು ಎಂದು ಅರ್ಥ.

ದರ್ಜೆಯನ್ನು ಕೆಡಿಸುವುದರಲ್ಲಿ ಸವೆತಕ್ಕಿಂತ ಮುಂದೆ ಇರುವುದು ಮನೆಯವರ ಶುಚಿಯ ಆಸೆ. ತಾಮ್ರದ ಬಿಂದಿಗೆಗೆ ಹಾಕುವ ಹುಣಸೆಹಣ್ಣು, ದೀಪದ ಕಂಬಕ್ಕೆ ಹಾಕುವ ಬೂದಿ, ಬೆಳ್ಳಿ ತಟ್ಟೆ ಉಜ್ಜುವ ಪುಡಿ ಇವೆಲ್ಲ ನಾಣ್ಯದ ಮೇಲ್ಪದರವನ್ನು ತಿಂದುಹಾಕುತ್ತವೆ. ಆ ಹೊಳಪನ್ನು ಕಂಡೊಡನೆ ಬಲ್ಲ ವ್ಯಾಪಾರಿ ಬೆಲೆಯನ್ನು ಅರ್ಧಕ್ಕೆ ಇಳಿಸುತ್ತಾನೆ. ಕಾಲಕ್ರಮದಲ್ಲಿ ಹರಡಿದ ಕಂದು ಅಥವಾ ಬೂದು ಬಣ್ಣ ಕೊಳೆಯಲ್ಲ.

ಪೇಟೆಯಲ್ಲಿ ಇಂದು ಪೆಸಿಫಿಕ್ ಹೆಸರಿನಲ್ಲಿ ಹೆಚ್ಚಾಗಿ ಕಣ್ಣಿಗೆ ಬೀಳುವುದು ಈ ಹಳೆಯ ನಾಣ್ಯಗಳಲ್ಲ, ಸಂಗ್ರಾಹಕರಿಗೆಂದೇ ತಯಾರಾದ ಹೊಳೆಯುವ ಬಿಲ್ಲೆಗಳು. ನಿಯೂವೆ ದ್ವೀಪದ ಜನಸಂಖ್ಯೆ ಎರಡು ಸಾವಿರವನ್ನೂ ಮುಟ್ಟುವುದಿಲ್ಲ, ಅಲ್ಲಿ ಅಂಗಡಿಯಲ್ಲಿ ನಡೆಯುವುದು ನ್ಯೂಜಿಲೆಂಡ್ ಡಾಲರ್. ಆದರೂ 2001ರಲ್ಲಿ ಪೋಕೆಮಾನ್, 2011ರಲ್ಲಿ ಸ್ಟಾರ್ ವಾರ್ಸ್ ಚಿತ್ರಗಳ ನಾಣ್ಯಗಳು ನಿಯೂವೆಯ ಹೆಸರಿನಲ್ಲಿ ಜಗತ್ತಿನಾದ್ಯಂತ ಮಾರಾಟವಾದವು. ದೇಶ ತನ್ನ ಹೆಸರನ್ನು ಬಳಸಲು ಅನುಮತಿ ಕೊಟ್ಟು ಅದಕ್ಕೆ ಗೌರವಧನ ಪಡೆಯುತ್ತದೆ, ಟಂಕಸಾಲೆ ತನ್ನ ವ್ಯಾಪಾರ ಮಾಡಿಕೊಳ್ಳುತ್ತದೆ. ಇದರಲ್ಲಿ ಮೋಸವಿಲ್ಲ, ಆದಾಯದ ದಾರಿಗಳು ಕಡಿಮೆಯಿರುವ ಪುಟ್ಟ ದ್ವೀಪ ತನ್ನ ಸಾರ್ವಭೌಮತ್ವದ ಒಂದು ಎಳೆಯನ್ನು ಬಾಡಿಗೆಗೆ ಕೊಟ್ಟರೆ ಆಕ್ಷೇಪಿಸುವುದೂ ಸಲ್ಲ. ಕೊಳ್ಳುವವರು ತಿಳಿಯಬೇಕಾದದ್ದು ಇಷ್ಟೆ: ಒಂದು ಔನ್ಸ್, ಅಂದರೆ 31.1 ಗ್ರಾಂ ಬೆಳ್ಳಿಯ ಬಿಲ್ಲೆಯ ಮೇಲೆ ಬರೆದ ಎರಡು ಡಾಲರಿನ ಮುಖಬೆಲೆ ಬರೀ ಶಾಸ್ತ್ರಕ್ಕೆ. ಚಲಾಯಿಸಿದರೆ ಬೆಳ್ಳಿಯ ಬೆಲೆಯೇ ನಷ್ಟ. ಪೆಟ್ಟಿಗೆ, ಪ್ರಮಾಣಪತ್ರ, ಬಣ್ಣಗಳಿಗಾಗಿ ತೆತ್ತ ಹೆಚ್ಚುವರಿ ಹಣ ಮರುಮಾರಾಟದಲ್ಲಿ ಬರುವುದು ಆ ಚಿತ್ರಕ್ಕೆ ಬೇಡಿಕೆ ಉಳಿದಿದ್ದರೆ ಮಾತ್ರ. ಕುಕ್ ದ್ವೀಪಗಳ ನಾಣ್ಯಗಳಲ್ಲಿ ಸಂಗ್ರಹಕ್ಕೆಂದೇ ಮಾಡಿದವೂ ಉಂಟು, ಚಲಾವಣೆಯವೂ ಉಂಟು: ತ್ರಿಕೋನಾಕಾರದ ಎರಡು ಡಾಲರ್ ಮತ್ತು ಟಂಗರೋವಾ ದೇವತೆಯ ಬತ್ತಲೆ ವಿಗ್ರಹವಿರುವ ಡಾಲರ್ ಅಲ್ಲಿನ ಅಂಗಡಿಗಳಲ್ಲಿ ಚಿಲ್ಲರೆಯಾಗಿಯೇ ಓಡಾಡಿದವು. ಪ್ರವಾಸಿಗರು ಅವನ್ನು ನೆನಪಿಗೆಂದು ಒಯ್ದದ್ದೂ ಬಹಳ. ಅಂಥ ನಾಣ್ಯಕ್ಕೆ ಬೆಲೆ ಕಡಿಮೆಯಿರಬಹುದು, ಆದರೆ ದ್ವೀಪದ ಗಾಳಿ ಸೋಕಿದ್ದು ಅದಕ್ಕೇ.

ನಾಣ್ಯಗಳ ಪಟ್ಟಿಪುಸ್ತಕಗಳಲ್ಲಿ ಕ್ರಾಸ್ ಮತ್ತು ಮಿಶ್ಲರ್ ಎಂಬ ಅಮೆರಿಕನ್ನರ ಹೆಸರಿನ ‘ಕೆ.ಎಂ.’ ಸಂಖ್ಯೆಯೇ ವ್ಯಾಪಾರಿಗಳ ನಡುವಿನ ಸಾಮಾನ್ಯ ಭಾಷೆ. ಪಟ್ಟಿಯಲ್ಲಿ ಅಚ್ಚಾದ ಸಂಖ್ಯೆಯೂ ದರ್ಜೆವಾರು ಬೆಲೆಯೂ ಇರುತ್ತವೆ. ಆದರೆ ಪಟ್ಟಿಯ ಬೆಲೆ ಕೇಳುವ ಬೆಲೆಗೆ ಹತ್ತಿರ, ಹರಾಜಿನಲ್ಲಿ ನಿಜವಾಗಿ ಕೈಬದಲಾದ ಹಣ ಇನ್ನೊಂದು. ಅಚ್ಚಾದ ಸಂಖ್ಯೆ ಒಂದು, ಉಳಿದ ಸಂಖ್ಯೆ ಮತ್ತೊಂದು. ಈ ಕೊನೆಯ ಮಾತನ್ನು ಹವಾಯಿಯ ಬೆಳ್ಳಿಯಷ್ಟು ಚೆನ್ನಾಗಿ ತೋರಿಸುವ ಇನ್ನೊಂದು ಉದಾಹರಣೆಯಿಲ್ಲ.

ಹವಾಯಿ ಸ್ವತಂತ್ರ ರಾಜ್ಯವಾಗಿದ್ದಾಗ ಅರಸ ಕಲಾಕೌವಾ ತನ್ನ ಮುಖವಿರುವ ನಾಣ್ಯಗಳನ್ನು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಹೊಡೆಸಿದ. ಚಿತ್ರ ಚಾರ್ಲ್ಸ್ ಬಾರ್ಬರ್‌ನದು. ಎಲ್ಲದರ ಮೇಲೂ 1883ರ ಇಸವಿಯೇ ಇದ್ದರೂ ಕೆಲಸ ಮರುವರ್ಷದವರೆಗೂ ನಡೆಯಿತು. ಹತ್ತು ಸೆಂಟಿನವು 2,50,000, ಕಾಲು ಡಾಲರ್ 5,00,000, ಅರೆ ಡಾಲರ್ 7,00,000, ಡಾಲರ್ 5,00,000. ಮುಖಬೆಲೆಯನ್ನು ಕೂಡಿದರೆ ಸರಿಯಾಗಿ ಹತ್ತು ಲಕ್ಷ ಡಾಲರ್. 1898ರಲ್ಲಿ ಅಮೆರಿಕ ಹವಾಯಿಯನ್ನು ಸೇರಿಸಿಕೊಂಡ ಮೇಲೆ ಈ ನಾಣ್ಯಗಳ ಚಲಾವಣೆಯನ್ನು ರದ್ದುಮಾಡಿ, ಮರಳಿ ಬಂದದ್ದನ್ನೆಲ್ಲ ಹುಟ್ಟಿದ ಟಂಕಸಾಲೆಯಲ್ಲೇ ಕರಗಿಸಲಾಯಿತು. ಡಾಲರುಗಳಲ್ಲಿ 4,53,652 ಕರಗಿ 46,348 ಉಳಿದವು. ಅತಿ ಹೆಚ್ಚು ಅಚ್ಚಾಗಿದ್ದ ಅರೆ ಡಾಲರಿನಲ್ಲಿ 87,755 ಉಳಿದವು. ಕಾಲು ಡಾಲರಿನ ಹೆಚ್ಚುಕಡಿಮೆ ಅರ್ಧ ಭಾಗ ಬಚಾವಾಯಿತು, ಅದರಲ್ಲೂ ಸವೆಯದ ನಾಣ್ಯಗಳು ಬಹಳ. ಆದ್ದರಿಂದ ನಾಲ್ಕರಲ್ಲಿ ಒಳ್ಳೆಯ ಸ್ಥಿತಿಯಲ್ಲಿ ಅಗ್ಗವಾಗಿ ಸಿಗುವುದು ಅದೇ. ಹತ್ತು ಸೆಂಟಿನವು ಕರಗಿದ್ದು ಕೇವಲ 79. ಆದರೂ ಹೊಸತರಂತಿರುವ ಹತ್ತು ಸೆಂಟು ಕಾಲು ಡಾಲರಿಗಿಂತ ದುಬಾರಿ, ಏಕೆಂದರೆ ಚಿಲ್ಲರೆಯಾಗಿ ಜನರ ಕೈಯಲ್ಲಿ ಓಡಾಡಿ ಓಡಾಡಿ ಅದು ಸವೆದುಹೋಯಿತು.

ಕರಗುವುದನ್ನು ತಪ್ಪಿಸಿಕೊಂಡವುಗಳಲ್ಲಿ ಎಷ್ಟೋ ಒಡವೆಯಾಗಿಯೇ ಉಳಿದವು. ರಾಜ್ಯ ಕಳೆದುಕೊಂಡ ಜನ ಅರಸನ ಮುಖವನ್ನು ಎದೆಗೆ ಪಿನ್ನಾಗಿ, ತೋಳಿಗೆ ಗುಂಡಿಯಾಗಿ ತೊಟ್ಟರು. ಲಾಂಛನದ ಬದಿಗೆ ಬಣ್ಣದ ಎನಾಮಲ್ ತುಂಬಿಸಿದ್ದೂ ಉಂಟು. ಕಾಸಿನ ಸರದಿಂದ ಬಿಡಿಸಿದ ಕಾಸನ್ನು ಕಂಡವರಿಗೆ ಇಲ್ಲಿ ಏನನ್ನು ಹುಡುಕಬೇಕೆಂದು ಹೇಳಬೇಕಾಗಿಲ್ಲ: ಕೊಂಡಿಯನ್ನು ಕಿತ್ತಮೇಲೆ ಅಂಚಿನ ಗೀರುಗಳ ನಡುವೆ ನುಣ್ಣಗಾದ ಒಂದು ಜಾಗ, ಅದರ ಸುತ್ತ ಬೆಸುಗೆಯ ಮಸುಕು ಬಣ್ಣ, ಅರಸನ ಕೆನ್ನೆಯ ಮೇಲೆ ಒಂದೇ ದಿಕ್ಕಿಗೆ ಓಡುವ ಸಣ್ಣ ಉಜ್ಜಿನ ಗೆರೆಗಳು. ಇವು ಕಂಡರೆ ಪಟ್ಟಿಪುಸ್ತಕದ ದರ್ಜೆವಾರು ಬೆಲೆ ಆ ನಾಣ್ಯಕ್ಕೆ ಅನ್ವಯಿಸುವುದಿಲ್ಲ. ಎನಾಮಲ್ ಬಿರುಕು ಬಿಡದೆ ಪಿನ್ನು ಹಾಗೆಯೇ ಇರುವ ಕಾಲು ಡಾಲರನ್ನು ಮಾತ್ರ ನಾಣ್ಯದವರು ಬಿಟ್ಟರೂ ಹಳೆಯ ಒಡವೆ ಕೊಳ್ಳುವವರು ಬಿಡುವುದಿಲ್ಲ. ಅದರಿಂದ ಕೊಂಡಿಯನ್ನು ಕೀಳದೆ ಇರುವುದೇ ಲಾಭ.